ಡ್ರೈಯರ್ ತಿರುಗ್ತಿಲ್ವಾ? ಹಳೇ ಸೆಮಿ ಆಟೊಮ್ಯಾಟಿಕ್ ಮಷೀನಿನ ರಿಪೇರಿ ಮನೆಯಲ್ಲೇ ಮಾಡುವ ಬಗೆ

ಜೂನ್ ತಿಂಗಳಲ್ಲಿ ಮಳೆ ಹಿಡಿದರೆ ನಮ್ಮ ಮಲೆನಾಡಲ್ಲಿ ಬಟ್ಟೆ ಒಣಗಿಸೋದೇ ಒಂದು ಕೆಲಸ. ಜಗಲಿ ತುಂಬ ಹಗ್ಗ, ಬಚ್ಚಲೊಲೆ ಮೇಲೆ ಗಳ. ಇಷ್ಟೆಲ್ಲ ಮಾಡಿದರೂ ಎರಡು ದಿನಕ್ಕೆ ಜೀನ್ಸ್ ಪ್ಯಾಂಟಿನ ಸೊಂಟಪಟ್ಟಿ ಹಸಿಯಾಗೇ ಇರುತ್ತದೆ. ಮಕ್ಕಳ ಯೂನಿಫಾರಂ ಮುಗ್ಗಲು ವಾಸನೆ ಹೊಡೆಯುತ್ತದೆ. ಆ ಹೊತ್ತಲ್ಲಿ ಮಷೀನಿನ ಡ್ರೈಯರ್ ಕೈಕೊಟ್ಟರೆ ಏನು ಕಷ್ಟ ಅಂತ ಅನುಭವಿಸಿದವರಿಗೇ ಗೊತ್ತು.

ಇಲ್ಲಿ ಡ್ರೈಯರ್ ಅಂದರೆ ಎರಡು ತೊಟ್ಟಿಯ ಸೆಮಿ ಆಟೊಮ್ಯಾಟಿಕ್ ಮಷೀನಿನಲ್ಲಿರುವ ಚಿಕ್ಕ ತೊಟ್ಟಿ. ಅಮೆರಿಕದ ಮನೆಗಳಲ್ಲಿರುವ, ಬಿಸಿಗಾಳಿ ಊದಿ ಪೂರ್ತಿ ಒಣಗಿಸುವ ಡ್ರೈಯರ್ ಬೇರೆ. ನಮ್ಮದು ಬಟ್ಟೆಯನ್ನು ನಿಮಿಷಕ್ಕೆ ಸುಮಾರು 1,300 ಸುತ್ತು ತಿರುಗಿಸಿ ನೀರು ಹಿಂಡುತ್ತದೆ, ಅಷ್ಟೇ. ಆದರೆ ಆ ಹಿಂಡುವ ಕೆಲಸ ಸರಿಯಾಗಿ ಆದರೆ ಮಳೆಗಾಲದಲ್ಲೂ ಬಟ್ಟೆ ಫ್ಯಾನಿನ ಕೆಳಗೆ ಒಂದು ರಾತ್ರಿಗೆ ಒಣಗುತ್ತದೆ.

ನಮ್ಮ ಮನೆಯ ಮಷೀನು ತಂದಿದ್ದು 2010ರಲ್ಲಿ. ಮೂರು ವರ್ಷದ ಹಿಂದೆ ಒಂದು ಬೆಳಿಗ್ಗೆ ಅಮ್ಮ ಕರೆದರು. "ಡ್ರೈಯರ್ ಗುಂಯ್ ಅಂತ ಇದೆ ಕಣೋ, ತಿರುಗ್ತಾನೇ ಇಲ್ಲ." ಪೇಟೆಯಿಂದ ರಿಪೇರಿಯವರು ಬಂದು ಮೋಟಾರ್ ಹೋಗಿದೆ ಅಂದರು, ಹೊಸದು ಹಾಕಿ ಹೋದರು. ಹತ್ತು ತಿಂಗಳಿಗೆ ಅದೂ ಹೋಯಿತು. ಎರಡನೇ ಸಲ ನಾನೇ ಹಿಂದಿನ ಕವರ್ ಬಿಚ್ಚಿ, ಕೂತು ನೋಡಿದೆ. ಹೊಸ ಮೋಟಾರಿನ ನೆತ್ತಿ ಮೇಲೆ ಕಂದು ಬಣ್ಣದ ತುಕ್ಕಿನ ಉಂಗುರ. ಮೇಲಿಂದ ಒಂದು ಹನಿ ಬಿತ್ತು. ಸ್ವಲ್ಪ ಹೊತ್ತಿಗೆ ಇನ್ನೊಂದು. ತೊಟ್ಟಿಯ ತಳದ ರಬ್ಬರ್ ಸೀಲ್ ಹರಿದಿತ್ತು. ಸೋಪಿನ ನೀರು ನೇರ ಮೋಟಾರಿನ ತಲೆ ಮೇಲೆ ಬೀಳುತ್ತಿತ್ತು. ಸೀಲ್ ಬದಲಿಸದೆ ಎಷ್ಟು ಮೋಟಾರ್ ಹಾಕಿದರೂ ಅಷ್ಟೇ ಅಲ್ವಾ?

ಅದಕ್ಕೇ ಈ ಲೇಖನ. ಹಳೇ ಮಷೀನಿನ ಡ್ರೈಯರ್ ನಿಂತರೆ ಮೊದಲು ಮೋಟಾರನ್ನು ಅನುಮಾನಿಸಬೇಡಿ. ಬಹಳಷ್ಟು ಸಲ ತಪ್ಪು ಇರೋದು ಅದರ ಸುತ್ತ ಇರುವ ಸಣ್ಣ ಸಾಮಾನುಗಳಲ್ಲಿ.

ಒಳಗೆ ಏನೇನಿದೆ

ಹಿಂದಿನ ಕವರ್ ತೆಗೆದರೆ ಎರಡು ಮೋಟಾರ್ ಕಾಣುತ್ತವೆ. ಬೆಲ್ಟ್ ಇರುವುದು ಒಗೆಯುವ ಕಡೆಯದು. ಬೆಲ್ಟ್ ಇಲ್ಲದೆ ನೆಟ್ಟಗೆ ನಿಂತಿರುವುದು ಡ್ರೈಯರಿನದು. ಅದು ಮೂರು ಸ್ಪ್ರಿಂಗ್ ಮೇಲೆ ಕೂತಿರುತ್ತದೆ. ಮೋಟಾರಿನ ಮೇಲೆ ಬಟ್ಟಲಿನ ಹಾಗೆ ಒಂದು ಡ್ರಮ್. ಒಳಗಿನ ತೂತುಬುಟ್ಟಿಯ ಶಾಫ್ಟ್ ತೊಟ್ಟಿಯ ತಳದಿಂದ ಕೆಳಗಿಳಿದು ಈ ಡ್ರಮ್ಮಿನ ನಡುವೆ ಕೂರುತ್ತದೆ, ಬೋಲ್ಟಿನಿಂದ ಬಿಗಿಯಾಗಿರುತ್ತದೆ. ಶಾಫ್ಟ್ ಇಳಿಯುವ ಜಾಗದಲ್ಲಿ ನೀರು ತಡೆಯೋಕೆ ಒಂದು ರಬ್ಬರ್ ಸೀಲ್ ಇದೆ. ಅಂಗಡಿಯಲ್ಲಿ ಇದನ್ನು ಬೆಲ್ಲೋ ಅಂತಲೂ ಕೇಳಬಹುದು.

ಡ್ರಮ್ಮಿನ ಪಕ್ಕದಲ್ಲಿ ಬ್ರೇಕ್ ಇರುತ್ತದೆ. ಇದರ ಕೆಲಸ ಸರಿಯಾಗಿ ತಿಳ್ಕೊಳ್ಳಿ, ಅರ್ಧ ತೊಂದರೆ ಇಲ್ಲೇ ಇರೋದು. ಸ್ಪ್ರಿಂಗಿನ ಬಲದಿಂದ ಬ್ರೇಕ್ ಯಾವಾಗಲೂ ಡ್ರಮ್ಮನ್ನು ಒತ್ತಿ ಹಿಡಿದಿರುತ್ತದೆ. ಡ್ರೈಯರಿನ ಮುಚ್ಚಳ ಹಾಕಿದಾಗ ಒಂದು ತಂತಿ ಅದನ್ನು ಎಳೆದು ಬಿಡಿಸುತ್ತದೆ. ಮುಚ್ಚಳ ಎತ್ತಿದರೆ ತಂತಿ ಸಡಿಲವಾಗಿ ಬ್ರೇಕ್ ಮತ್ತೆ ಹಿಡಿಯುತ್ತದೆ. ಅದೇ ಹೊತ್ತಿಗೆ ಮುಚ್ಚಳದ ಸ್ವಿಚ್ ಕರೆಂಟನ್ನೂ ಕಡಿಯುತ್ತದೆ. ಅಂದರೆ ಮುಚ್ಚಳ, ಸ್ವಿಚ್, ಬ್ರೇಕ್ ಮೂರೂ ಒಂದಕ್ಕೊಂದು ಕಟ್ಟಿಕೊಂಡಿವೆ.

ಕೈ ಹಾಕೋ ಮುಂಚೆ

ಪ್ಲಗ್ ಕಿತ್ತು ಹೊರಗಿಡಿ. ಸ್ವಿಚ್ ಆಫ್ ಮಾಡಿದರೆ ಸಾಲದು. ಎಷ್ಟೋ ಹಳೇ ಮನೆಗಳಲ್ಲಿ ಸ್ವಿಚ್ಚು ಫೇಸಿನ ಬದಲು ನ್ಯೂಟ್ರಲ್ ವೈರಿಗೆ ಹಾಕಿರುತ್ತಾರೆ. ಆಗ ಆಫ್ ಮಾಡಿದರೂ ಮಷೀನಿನ ಒಳಗೆ ಕರೆಂಟ್ ಇದ್ದೇ ಇರುತ್ತದೆ. ಮಷೀನನ್ನು ಬಚ್ಚಲಿಂದ ಒಣ ನೆಲಕ್ಕೆ ಎಳೆದುಕೊಳ್ಳಿ. ಕಾಲಿಗೆ ಒಣ ರಬ್ಬರ್ ಚಪ್ಪಲಿ ಇರಲಿ.

ಪ್ಲಗ್ ಕಿತ್ತ ಮೇಲೂ ಕೆಪಾಸಿಟರಿನಲ್ಲಿ, ಅಂದರೆ ಮೋಟಾರ್ ತಿರುಗೋಕೆ ನೆರವಾಗುವ ಪ್ಲಾಸ್ಟಿಕ್ ಡಬ್ಬಿಯಂಥ ಸಾಮಾನಿನಲ್ಲಿ, ಕರೆಂಟ್ ಉಳಿದಿರಬಹುದು. ಇದನ್ನೇ ಕೆಲವರು ಕಂಡೆನ್ಸರ್ ಅಂತಾರೆ. ಹಳೇ 60 ವ್ಯಾಟಿನ ಬಲ್ಬ್ ಒಂದನ್ನು ಹೋಲ್ಡರಿಗೆ ಹಾಕಿ, ಅದರ ಎರಡು ವೈರಿನ ತುದಿಗಳನ್ನು ಕೆಪಾಸಿಟರಿನ ಎರಡು ತುದಿಗೆ ಒಂದೆರಡು ಸೆಕೆಂಡ್ ಮುಟ್ಟಿಸಿ. ತುದಿ ಎರಡಕ್ಕಿಂತ ಜಾಸ್ತಿ ಇದ್ದರೆ ಪ್ರತಿ ಜೋಡಿಗೂ ಹೀಗೇ ಮಾಡಿ. ಉಳಿದದ್ದೆಲ್ಲ ಖಾಲಿಯಾಗುತ್ತದೆ. ವೈರನ್ನು ಪ್ಲಾಸ್ಟಿಕ್ ಸಿಪ್ಪೆ ಇರುವ ಜಾಗದಲ್ಲೇ ಹಿಡಿಯಿರಿ. ಎಲ್‌ಇಡಿ ಬಲ್ಬ್ ಇದಕ್ಕೆ ಬೇಡ.

ಸಾಮಾನು ಜಾಸ್ತಿ ಬೇಕಾಗಿಲ್ಲ. ಸ್ಟಾರ್ ಸ್ಕ್ರೂಡ್ರೈವರ್, ಸ್ಪ್ಯಾನರ್ ಸೆಟ್, ಕಟಿಂಗ್ ಪ್ಲೇಯರ್, ಟೇಪ್, ಸಣ್ಣ ಪಾಲಿಶ್ ಪೇಪರ್, ಒಂದು ಸಾಧಾರಣ ಮಲ್ಟಿಮೀಟರ್. ಕವರ್ ತೆಗೆದ ಕೂಡಲೇ ಮೊಬೈಲಲ್ಲಿ ನಾಲ್ಕು ಫೋಟೊ ಹೊಡೆದುಕೊಳ್ಳಿ. ವೈರಿನ ಬಣ್ಣ ಕಂಪನಿಯಿಂದ ಕಂಪನಿಗೆ ಬೇರೆ. ಜೋಡಿಸುವಾಗ ನಿಮಗೆ ದಾರಿ ತೋರಿಸೋದು ಆ ಫೋಟೊಗಳೇ.

ಮೊದಲು ಶಬ್ದ ಕೇಳಿ

ಬಿಚ್ಚುವ ಮುಂಚೆ ಒಂದು ಸಲ ಖಾಲಿ ಮಷೀನು ಹಾಕಿ ನೋಡಿ. ಒಗೆಯುವ ಕಡೆ ತಿರುಗುತ್ತಾ? ತಿರುಗಿದರೆ ಪ್ಲಗ್ಗು, ಸಾಕೆಟ್ಟು, ಮೇನ್ ವೈರ್ ಸರಿ ಇವೆ ಅಂತಾಯ್ತು. ಈಗ ಡ್ರೈಯರಿನ ಮುಚ್ಚಳ ಹಾಕಿ ಟೈಮರ್ ತಿರುಗಿಸಿ. ಒಂದೋ ಏನೂ ಶಬ್ದ ಇರೋದಿಲ್ಲ, ಇಲ್ಲಾ ಗುಂಯ್ ಅಂತ ನಿಂತಲ್ಲೇ ಇರುತ್ತದೆ, ಇಲ್ಲಾ ತಿರುಗುತ್ತದೆ ಆದರೆ ಸರಿಯಾಗಿ ಅಲ್ಲ. ಈ ಮೂರಕ್ಕೂ ಕಾರಣ ಬೇರೆ ಬೇರೆ. ಶಬ್ದ ಕೇಳಿ ಆಯ್ತಾ, ಪ್ಲಗ್ ಮತ್ತೆ ಕಿತ್ತು, ಕೆಪಾಸಿಟರ್ ಖಾಲಿ ಮಾಡಿಯೇ ಒಳಗೆ ಕೈ ಹಾಕಿ.

ಟೈಮರಿನ ಟಿಕ್ ಟಿಕ್ ಕೇಳಿಸಿತು ಅಂತ ಕರೆಂಟ್ ಬರ್ತಿದೆ ಅಂದುಕೊಳ್ಳಬೇಡಿ. ಅದು ಹಳೇ ಗೋಡೆ ಗಡಿಯಾರದ ಹಾಗೆ ಸ್ಪ್ರಿಂಗಿನ ಮೇಲೆ ಓಡುತ್ತದೆ. ಪ್ಲಗ್ ಕಿತ್ತಿಟ್ಟರೂ ಟಿಕ್ ಟಿಕ್ ಅನ್ನುತ್ತದೆ.

ಏನೂ ಶಬ್ದ ಇಲ್ಲದಿದ್ದರೆ

ಮೊದಲ ಅನುಮಾನ ಮುಚ್ಚಳದ ಸ್ವಿಚ್ ಮೇಲೆ. ಇದು ಮೇಲಿನ ಪ್ಯಾನೆಲ್ಲಿನ ಒಳಗೆ, ಮುಚ್ಚಳದ ಕೀಲಿನ ಹತ್ತಿರ ಇರುತ್ತದೆ. ಎರಡು ತೆಳು ಹಿತ್ತಾಳೆ ಪಟ್ಟಿ. ಮುಚ್ಚಳ ಹಾಕಿದಾಗ ಒಂದನ್ನೊಂದು ಮುಟ್ಟಬೇಕು. ಹವೆ ತಾಗಿ ಪಟ್ಟಿಗೆ ಹಸಿರು ಕಿಲುಬು ಹಿಡಿದಿರುತ್ತದೆ. ಕಿಡಿ ಹಾರಿ ಕಪ್ಪಾಗಿರುತ್ತದೆ. ನಡುವೆ ಇರುವೆ ಸತ್ತು ಅಂಟಿಕೊಂಡದ್ದನ್ನೂ ನಾನು ನೋಡಿದ್ದೇನೆ. ಪಾಲಿಶ್ ಪೇಪರಿನಿಂದ ಮೆಲ್ಲಗೆ ಉಜ್ಜಿ ಹೊಳಪು ತನ್ನಿ. ಪಟ್ಟಿ ಬಾಗಿದ್ದರೆ ನೆಟ್ಟಗೆ ಮಾಡಿ. ಮಲ್ಟಿಮೀಟರನ್ನು ಬೀಪ್ ಜಾಗದಲ್ಲಿಟ್ಟು ಎರಡು ತುದಿಗೆ ಹಿಡಿಯಿರಿ. ಮುಚ್ಚಳ ಹಾಕಿದರೆ ಬೀಪ್ ಬರಬೇಕು, ಎತ್ತಿದರೆ ನಿಲ್ಲಬೇಕು.

ಸ್ವಿಚ್ ಸರಿ ಇದ್ದರೆ ಟೈಮರಿಗೂ ಇದೇ ಪರೀಕ್ಷೆ. ತಿರುಗಿಸಿದರೆ ಬೀಪ್, ಸೊನ್ನೆಗೆ ಬಂದಾಗ ಮೌನ. ಬೀಪ್ ಬರದಿದ್ದರೆ ಟೈಮರ್ ಬದಲಿಸಿ. ಅಂಗಡಿಗೆ ಹಳೆಯದನ್ನೇ ತೆಗೆದುಕೊಂಡು ಹೋಗಿ, ಕೈಯಲ್ಲಿ ತಿರುಗಿಸುವ ನಾಬ್ ಕೂರುವ ಕಡ್ಡಿಯ ಆಕಾರ ಒಂದೊಂದರಲ್ಲಿ ಒಂದೊಂದು ಥರ.

ಆಮೇಲೆ ವೈರ್. ಹಳೇ ಮಷೀನಿನ ಕೆಳಭಾಗ ತೆರೆದೇ ಇರುತ್ತದೆ. ಇಲಿಗೆ ಅದು ಬೆಚ್ಚಗಿನ ಗೂಡು. ಟಾರ್ಚ್ ಬಿಟ್ಟು ಒಂದೊಂದೇ ವೈರನ್ನು ತುದಿಯಿಂದ ತುದಿಗೆ ಬೆರಳಲ್ಲಿ ಸವರಿ ನೋಡಿ. ಕಡಿದಿದ್ದರೆ ಎರಡೂ ತುದಿ ಸುಲಿದು, ಹೊಸೆದು, ಟೇಪ್ ಸುತ್ತಿ. ಜೋಡಣೆ ಕೆಳಗೆ ಬಿದ್ದು ನೀರು ತಾಗದ ಹಾಗೆ ಮೇಲೆತ್ತಿ ಕಟ್ಟಿ. ಕೆಲಸ ಮುಗಿದ ಮೇಲೆ ಮಷೀನಿನ ಕೆಳಗೆ ಒಂದು ತುಂಡು ಜಾಲರಿ ಕಟ್ಟಿದರೆ ಮತ್ತೆ ಇಲಿ ಬರೋದಿಲ್ಲ.

ಇಷ್ಟೂ ಸರಿ ಇದ್ದು ಶಬ್ದವೇ ಇಲ್ಲ ಅಂದರೆ ಮೋಟಾರ್ ನೋಡಬೇಕು. ಅದರಿಂದ ಮೂರು ವೈರ್ ಬರುತ್ತವೆ. ಅವನ್ನು ಬಿಡಿಸಿಕೊಂಡು ಮೀಟರನ್ನು ಓಮ್ ಜಾಗಕ್ಕೆ ತಿರುಗಿಸಿ ಎರಡೆರಡೇ ಅಳೆಯಿರಿ. ಮೂರು ಸಂಖ್ಯೆ ಸಿಗುತ್ತವೆ. ದೊಡ್ಡ ಸಂಖ್ಯೆ ಉಳಿದೆರಡನ್ನು ಕೂಡಿಸಿದಷ್ಟು ಇರಬೇಕು. ಉದಾಹರಣೆಗೆ 60, 90 ಬಂದರೆ ಮೂರನೆಯದು 150ರ ಆಸುಪಾಸು. ಯಾವುದಾದರೂ ಜೋಡಿಯಲ್ಲಿ ಸಂಖ್ಯೆಯೇ ಬರದಿದ್ದರೆ ಒಳಗೆ ವೈಂಡಿಂಗ್, ಅಂದರೆ ಮೋಟಾರಿನೊಳಗೆ ಸುತ್ತಿದ ತಂತಿ, ಕಡಿದಿದೆ. ಮೋಟಾರಿನ ಕಬ್ಬಿಣಕ್ಕೂ ಈ ವೈರಿಗೂ ನಡುವೆ ಏನಾದರೂ ಸಂಖ್ಯೆ ತೋರಿಸಿದರೆ ಆ ಮೋಟಾರ್ ಮತ್ತೆ ಹಾಕಲೇಬೇಡಿ, ಶಾಕ್ ಹೊಡೆಯುತ್ತದೆ.

ಗುಂಯ್ ಅಂದು ನಿಂತಲ್ಲೇ ಇದ್ದರೆ

ಇದು ಎಲ್ಲರ ಮನೆಯಲ್ಲೂ ಬರುವ ತೊಂದರೆ. ತಕ್ಷಣ ಟೈಮರ್ ಸೊನ್ನೆಗೆ ತನ್ನಿ. ತಿರುಗದ ಮೋಟಾರಿಗೆ ಕರೆಂಟ್ ಕೊಡುತ್ತಾ ಹೋದರೆ ಕೆಲವೇ ನಿಮಿಷದಲ್ಲಿ ಸುಟ್ಟ ವಾಸನೆ ಬರುತ್ತದೆ. ಕೆಲವರು ಕೈ ಹಾಕಿ ಬುಟ್ಟಿಯನ್ನು ಒಮ್ಮೆ ತಿರುವಿ ಬಿಟ್ಟು ಓಡಿಸುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಬುಟ್ಟಿ ವೇಗ ಹಿಡಿಯೋಕೆ ಕ್ಷಣ ಸಾಕು, ಬಟ್ಟೆಯ ತುದಿ ಬೆರಳಿಗೆ ಸುತ್ತಿಕೊಂಡರೆ ಬೆರಳೇ ಹೋಗುತ್ತದೆ.

ಪ್ಲಗ್ ಕಿತ್ತು, ಮುಚ್ಚಳ ಹಾಕಿ, ಹಿಂದಿನಿಂದ ಡ್ರಮ್ಮನ್ನು ಕೈಯಲ್ಲಿ ತಿರುಗಿಸಿ. ಮುಚ್ಚಳ ಹಾಕಿರಲೇಬೇಕು, ಇಲ್ಲದಿದ್ದರೆ ಬ್ರೇಕ್ ಹಿಡಿದಿರುತ್ತದೆ, ಸುಮ್ನೆ ಬಿಗಿ ಅನ್ನಿಸುತ್ತದೆ.

ಹಗುರವಾಗಿ ತಿರುಗಿತಾ? ಹಾಗಾದರೆ ಹೆಚ್ಚುಕಡಿಮೆ ಕೆಪಾಸಿಟರಿನದೇ ತೊಂದರೆ. ಒಂದು ಪ್ಲಾಸ್ಟಿಕ್ ಡಬ್ಬಿಯ ಹಾಗಿರುತ್ತದೆ. ಹೊಟ್ಟೆ ಉಬ್ಬಿದ್ದರೆ, ಬಿರುಕು ಬಿಟ್ಟಿದ್ದರೆ ಅಳೆಯುವುದೇ ಬೇಡ. ಬಹಳ ಮಷೀನುಗಳಲ್ಲಿ ಒಂದೇ ಡಬ್ಬಿಯಲ್ಲಿ ಎರಡು ಕೆಪಾಸಿಟರ್ ಇರುತ್ತವೆ. ಮೇಲೆ 10+5 ಎಂಎಫ್‌ಡಿ (ಮೈಕ್ರೋಫ್ಯಾರಡ್, ಕೆಪಾಸಿಟರಿನ ಅಳತೆ) ಅಂತ ಬರೆದಿದ್ದರೆ ದೊಡ್ಡದು ಒಗೆಯುವ ಮೋಟಾರಿಗೆ, ಚಿಕ್ಕದು ಡ್ರೈಯರಿಗೆ. ನಿಮ್ಮ ಡಬ್ಬಿ ಮೇಲೆ ಏನಿದೆಯೋ ಅದೇ ಸಂಖ್ಯೆ, ಅದೇ ವೋಲ್ಟಿನದು ತನ್ನಿ. ಸಾಮಾನ್ಯವಾಗಿ 440 ವೋಲ್ಟ್ ಇರುತ್ತದೆ. ಜಾಸ್ತಿ ಎಂಎಫ್‌ಡಿ ಹಾಕಿದರೆ ಜೋರಾಗಿ ತಿರುಗುತ್ತದೆ ಅಂತ ಅಂಗಡಿಯಲ್ಲಿ ಯಾರಾದರೂ ಹೇಳಿದರೆ ಕೇಳಬೇಡಿ, ಮೋಟಾರ್ ಬಿಸಿಯಾಗಿ ಹಾಳಾಗುತ್ತದೆ. ಒಂದು ವೈರ್ ಕಿತ್ತು ಹೊಸದರ ಅದೇ ಜಾಗಕ್ಕೆ ಹಾಕಿ, ಆಮೇಲೆ ಇನ್ನೊಂದು. ಎಲ್ಲ ಒಟ್ಟಿಗೆ ಕಿತ್ತರೆ ಗೊಂದಲ.

ಡ್ರಮ್ ಬಿಗಿಯಾಗಿದ್ದರೆ ಬ್ರೇಕ್ ನೋಡಿ. ಮುಚ್ಚಳ ಹಾಕಿದಾಗ ಬ್ರೇಕಿಗೂ ಡ್ರಮ್ಮಿಗೂ ನಡುವೆ ಒಂದೆರಡು ಮಿಲಿಮೀಟರ್ ಸಂದು ಕಾಣಬೇಕು. ತಂತಿ ವರ್ಷಗಟ್ಟಲೆ ಎಳೆದು ಎಳೆದು ಉದ್ದವಾಗಿರುತ್ತದೆ. ಆಗ ಮುಚ್ಚಳ ಹಾಕಿದರೂ ಬ್ರೇಕ್ ಪೂರ್ತಿ ಬಿಡೋದಿಲ್ಲ. ಮೋಟಾರ್ ಬ್ರೇಕನ್ನು ಎಳೆದುಕೊಂಡೇ ತಿರುಗೋಕೆ ಒದ್ದಾಡುತ್ತದೆ. ತಂತಿಯ ಕೊಕ್ಕೆಯನ್ನು ಪಕ್ಕದ ತೂತಿಗೆ ಹಾಕಿ ಬಿಗಿ ಮಾಡಿ. ಬೇರೆ ತೂತಿಲ್ಲದಿದ್ದರೆ ಹೊಸ ತಂತಿ ಹಾಕಿ, ಇದಕ್ಕೆ ಆಗುವ ಖರ್ಚು ತೀರಾ ಕಡಿಮೆ. ಬಿಗಿ ಮಾಡಿದ ಮೇಲೆ ಮುಚ್ಚಳ ಎತ್ತಿ ನೋಡಿ. ಬ್ರೇಕ್ ಮತ್ತೆ ಡ್ರಮ್ಮನ್ನು ಗಟ್ಟಿಯಾಗಿ ಹಿಡಿಯಬೇಕು.

ಬ್ರೇಕ್ ಬಿಟ್ಟಿದೆ, ಆದರೂ ಬಿಗಿ ಇದೆ ಅಂದರೆ ಬುಟ್ಟಿಯ ಕೆಳಗೆ ಏನೋ ಸಿಕ್ಕಿಕೊಂಡಿದೆ, ಇಲ್ಲಾ ಮೋಟಾರಿನ ಬೇರಿಂಗ್ ತುಕ್ಕು ಹಿಡಿದಿದೆ. ಎರಡಕ್ಕೂ ಬುಟ್ಟಿ ಎತ್ತಲೇಬೇಕು.

ಸೀಲ್ ಬದಲಿಸೋದು

ಈ ಕೆಲಸಕ್ಕೆ ಅರ್ಧ ದಿನ ಇಟ್ಟುಕೊಳ್ಳಿ. ಡ್ರೈಯರ್ ಕಡೆ ನೆಲ ಒದ್ದೆ, ಮೋಟಾರಿನ ಮೇಲೆ ತುಕ್ಕು, ತಿರುಗುವಾಗ ಕಿರ್ ಕಿರ್ ಶಬ್ದ, ಇವುಗಳಲ್ಲಿ ಒಂದು ಕಂಡರೂ ಸೀಲ್ ಬದಲಿಸುವ ಹೊತ್ತು ಬಂದಿದೆ. ಮೋಟಾರ್ ಸುಟ್ಟು ಹೊಸದು ಹಾಕುವಾಗ ಸೀಲನ್ನೂ ಜೊತೆಗೇ ಬದಲಿಸಿ.

ಡ್ರಮ್ಮಿನಲ್ಲಿ ಶಾಫ್ಟನ್ನು ಹಿಡಿದಿರುವ ಬೋಲ್ಟ್ ಹುಡುಕಿ. ಅದರ ಮೇಲೆ ಒಂದು ನಟ್ ಬಿಗಿದಿರುತ್ತದೆ. ಮೊದಲು ನಟ್ ಸಡಿಲಿಸಿ, ಆಮೇಲೆ ಬೋಲ್ಟ್. ಹತ್ತು ವರ್ಷದ ತುಕ್ಕು ಇರುತ್ತದೆ. ತುಕ್ಕು ಬಿಡಿಸುವ ಸ್ಪ್ರೇ ಹೊಡೆದು ಅರ್ಧ ಗಂಟೆ ಬಿಡಿ. ಜೋರು ಮಾಡಿ ಬೋಲ್ಟಿನ ತಲೆ ಸವೆಸಿಕೊಂಡರೆ ಕೆಲಸ ಎರಡು ದಿನಕ್ಕೆ ಹೋಗುತ್ತದೆ.

ಈಗ ಮೇಲಿಂದ ಬುಟ್ಟಿಯನ್ನು ಎರಡೂ ಕೈಯಲ್ಲಿ ನೆಟ್ಟಗೆ ಎತ್ತಿ. ಕೆಲವು ಮಷೀನಿನಲ್ಲಿ ಮೇಲಿನ ಫ್ರೇಮ್ ಬಿಚ್ಚದೆ ಅದು ಹೊರಗೆ ಬರೋದಿಲ್ಲ. ನಾನು ಮೊದಲ ಸಲ ಎತ್ತಿದಾಗ ತಳದಲ್ಲಿ ಮಗಳ ಅಂಗನವಾಡಿ ಕಾಲದ ಒಂದು ಬಿಳಿ ಕಾಲುಚೀಲ ಸಿಕ್ಕಿತು. ಅದರ ಜೊತೆ ಎರಡು ಹೇರ್‌ಪಿನ್, ಒಂದು ರೂಪಾಯಿಯ ನಾಣ್ಯ, ಕೂದಲಿನ ಸಿಂಬಿ, ಗಟ್ಟಿಯಾದ ಸೋಪಿನ ಪುಡಿ. ಕಾಲುಚೀಲ ಶಾಫ್ಟಿಗೆ ಹಗ್ಗದ ಹಾಗೆ ಸುತ್ತಿಕೊಂಡಿತ್ತು. ರಬ್ಬರಿನ ತುಟಿ ಹರಿದಿದ್ದು ಸರಿಯಾಗಿ ಅದರ ಪಕ್ಕದಲ್ಲಿ. ಇವೆಲ್ಲ ಕೆಳಗೆ ಹೋಗೋದು ಬುಟ್ಟಿಯ ಬಾಯಿಂದ. ಬಟ್ಟೆ ಮೇಲೆ ಒತ್ತುವ ತೂತಿನ ಪ್ಲಾಸ್ಟಿಕ್ ತಟ್ಟೆ ಇದೆಯಲ್ಲ, ಅದನ್ನು ಹಾಕದಿದ್ದರೆ ಸಣ್ಣ ಬಟ್ಟೆ ಎಗರಿ ಸಂದಿಗೆ ಬೀಳುತ್ತದೆ. ನಮ್ಮ ಮನೆಯಲ್ಲಿ ಆ ತಟ್ಟೆ ಅಟ್ಟದ ಮೇಲೆ ಧೂಳು ತಿನ್ನುತ್ತಿತ್ತು.

ತೊಟ್ಟಿಯ ತಳವನ್ನು ಉಜ್ಜಿ ತೊಳೆಯಿರಿ. ಬೋರ್‌ವೆಲ್ ನೀರಿನವರಿಗೆ ಬಿಳಿ ಹೊಪ್ಪಳೆ ಕಟ್ಟಿರುತ್ತದೆ. ಹುಣಸೆಹುಳಿ ನೀರು ಹಚ್ಚಿ ಸ್ವಲ್ಪ ಹೊತ್ತು ಬಿಟ್ಟರೆ ಸಡಿಲಾಗುತ್ತದೆ. ಹಳೇ ಸೀಲನ್ನು ಎಳೆದು ತೆಗೆಯಿರಿ, ಅದನ್ನೇ ಅಂಗಡಿಗೆ ಒಯ್ದು ಅಳತೆ ನೋಡಿ ಹೊಸದು ತನ್ನಿ. ಕಣ್ಣಂದಾಜು ಇಲ್ಲಿ ನಡೆಯೋದಿಲ್ಲ.

ಹೊಸ ಸೀಲ್ ಹಾಕುವ ಮುಂಚೆ ಬುಟ್ಟಿಯ ಶಾಫ್ಟನ್ನು ಉಗುರಿನಿಂದ ಗೀರಿ ನೋಡಿ. ತುಕ್ಕಿನ ಗುಳಿಗೆ ಉಗುರು ಸಿಕ್ಕಿಕೊಂಡರೆ ಪಾಲಿಶ್ ಪೇಪರಿನಲ್ಲಿ ಸುತ್ತಲೂ ಉಜ್ಜಿ ನುಣುಪು ಮಾಡಿ. ಒರಟು ಶಾಫ್ಟ್ ಹೊಸ ರಬ್ಬರನ್ನು ಬೇಗನೆ ತಿಂದು ಹಾಕುತ್ತದೆ. ಸೀಲಿನ ಒಳಗೆ ಗ್ರೀಸ್ ಹಚ್ಚಿ, ತೂತಿನಲ್ಲಿ ಸುತ್ತಲೂ ಸಮನಾಗಿ ಕೂರುವ ಹಾಗೆ ಹೆಬ್ಬೆರಳಿನಿಂದ ಒತ್ತಿ. ಬುಟ್ಟಿ ಇಳಿಸುವಾಗ ರಬ್ಬರ್ ಮಡಚಿಕೊಳ್ಳದ ಹಾಗೆ ಮೆಲ್ಲಗೆ ತಿರುವುತ್ತಾ ಇಳಿಸಿ.

ಶಾಫ್ಟಿನ ತುದಿಯಲ್ಲಿ ಒಂದು ಕಡೆ ಚಪ್ಪಟೆ ಇರುತ್ತದೆ. ಬೋಲ್ಟ್ ಕೂರಬೇಕಾದದ್ದು ಅಲ್ಲೇ. ದುಂಡು ಭಾಗಕ್ಕೆ ಕೂತರೆ ನಾಲ್ಕು ದಿನದಲ್ಲಿ ಜಾರುತ್ತದೆ. ಆಗ ಮೋಟಾರ್ ಮಾತ್ರ ತಿರುಗುತ್ತದೆ, ಬುಟ್ಟಿ ನಿಂತಿರುತ್ತದೆ. ಬೋಲ್ಟ್ ಬಿಗಿ ಮಾಡಿ, ಆಮೇಲೆ ನಟ್ ಬಿಗಿ ಮಾಡಿ.

ಕವರ್ ಹಾಕುವ ಮುಂಚೆ ಡ್ರೈನ್ ಪೈಪಿನ ಬಾಯಿ ಮೇಲೆತ್ತಿ ಹಿಡಿದು, ತೊಟ್ಟಿಗೆ ಎರಡು ಚೊಂಬು ನೀರು ಸುರಿಯಿರಿ. ಹತ್ತು ನಿಮಿಷ ಕಾದು ಮೋಟಾರಿನ ನೆತ್ತಿಯನ್ನು ಒಣ ಬೆರಳಿಂದ ಮುಟ್ಟಿ. ಒದ್ದೆ ಆಗಿದ್ದರೆ ಸೀಲ್ ಸರಿಯಾಗಿ ಕೂತಿಲ್ಲ, ಮತ್ತೆ ಬಿಚ್ಚಿ. ಬೇಜಾರಾಗುತ್ತದೆ ನಿಜ, ಆದರೆ ಈಗಲೇ ಮಾಡಿ.

ತಿರುಗುತ್ತದೆ, ಆದರೆ ಬಟ್ಟೆ ಹಸಿ

ಡ್ರೈನ್ ಪೈಪ್ ನೋಡಿ. ಈ ಮಷೀನುಗಳಲ್ಲಿ ಸಾಮಾನ್ಯವಾಗಿ ನೀರು ಹೊರಗೆ ಹಾಕೋಕೆ ಪಂಪ್ ಇರೋದಿಲ್ಲ, ನೀರು ತಾನಾಗೇ ಇಳಿದು ಹೋಗಬೇಕು. ಪೈಪನ್ನು ಬಕೆಟ್ಟಿನ ಕಂಠಕ್ಕೆ ಎತ್ತಿ ಹಾಕಿದರೆ, ತೋಟಕ್ಕೆ ಬಿಡೋಣ ಅಂತ ಉದ್ದ ಎಳೆದು ನಡುವೆ ಉಬ್ಬಾದರೆ, ನೀರು ಡ್ರೈಯರಿನ ತಳದಲ್ಲೇ ನಿಲ್ಲುತ್ತದೆ. ಬುಟ್ಟಿ ಆ ನೀರನ್ನು ಕಡೆಯುತ್ತಾ ನಿಧಾನ ಆಗುತ್ತದೆ. ಪೈಪ್ ನೆಲಕ್ಕೆ ಮಲಗಿರಲಿ, ಒಳಗಿನ ಲೋಳೆ ತೊಳೆಯಿರಿ.

ದಡಬಡ ಕುಣಿದರೆ ಮೊದಲು ಬಟ್ಟೆ ಸರಿ ಮಾಡಿ. ಭಾರದ್ದು ಅಡಿಗೆ, ಸುತ್ತಲೂ ಸಮನಾಗಿ, ಮೇಲೆ ತಟ್ಟೆ. ಖಾಲಿ ಇದ್ದಾಗಲೂ ಕುಣಿದರೆ ಮಷೀನಿನ ಕಾಲು ಮಟ್ಟ ಇಲ್ಲ, ಇಲ್ಲಾ ಮೋಟಾರಿನ ಕೆಳಗಿನ ಮೂರು ಸ್ಪ್ರಿಂಗಿನಲ್ಲಿ ಒಂದು ಮುರಿದಿದೆ. ಮುರಿದದ್ದು ಒಂದೇ ಆದರೂ ಮೂರನ್ನೂ ಬದಲಿಸಿ.

ಮಲೆನಾಡು, ಕರಾವಳಿಯವರಿಗೆ ಇನ್ನೊಂದು ಮಾತು. ರೈನ್ ಕೋಟ್, ಪ್ಲಾಸ್ಟಿಕ್ ಕೊಪ್ಪೆಯನ್ನು ಡ್ರೈಯರಿಗೆ ಯಾವತ್ತೂ ಹಾಕಬೇಡಿ. ಅದರೊಳಗಿಂದ ನೀರು ಹೊರಗೆ ಹೋಗೋದಿಲ್ಲ. ಒಂದೇ ಕಡೆ ನೀರಿನ ಚೀಲದ ಹಾಗೆ ತುಂಬಿಕೊಂಡು, ಪೂರ್ತಿ ವೇಗದಲ್ಲಿ ಮಷೀನನ್ನೇ ಎತ್ತಿ ಹಾಕುತ್ತದೆ.

ಮುಚ್ಚಳ ಎತ್ತಿದರೂ ನಿಲ್ಲದಿದ್ದರೆ

ಬೇರೆಲ್ಲ ಕೆಟ್ಟರೂ ನಾಳೆ ನೋಡೋಣ ಅನ್ನಬಹುದು, ಇದೊಂದನ್ನು ಬಿಟ್ಟು. ಮುಚ್ಚಳ ಎತ್ತಿದ 15 ಸೆಕೆಂಡಿನೊಳಗೆ ಬುಟ್ಟಿ ಪೂರ್ತಿ ನಿಲ್ಲಬೇಕು. ನಿಲ್ಲದಿದ್ದರೆ ಬ್ರೇಕ್ ಸವೆದಿದೆ, ಇಲ್ಲಾ ತಂತಿ ಸಿಕ್ಕಿಕೊಂಡಿದೆ, ಇಲ್ಲಾ ಬ್ರೇಕಿನ ಸ್ಪ್ರಿಂಗ್ ಕಳಚಿದೆ. ಸರಿ ಮಾಡುವ ತನಕ ಡ್ರೈಯರ್ ಹಾಕಲೇಬೇಡಿ. ಮನೆಯಲ್ಲಿ ಸಣ್ಣ ಮಕ್ಕಳಿದ್ದರಂತೂ ಪ್ಲಗ್ ಕಿತ್ತೇ ಇಡಿ. ಮುಚ್ಚಳದ ಸ್ವಿಚ್ ಕೆಟ್ಟಿದೆ ಅಂತ ಅದರ ಎರಡು ವೈರನ್ನು ನೇರ ಜೋಡಿಸಿ ಹೋಗುವವರೂ ಇದ್ದಾರೆ. ನಿಮ್ಮ ಮಷೀನಿನಲ್ಲಿ ಹಾಗೆ ಜೋಡಿಸಿದ್ದು ಕಂಡರೆ ಇವತ್ತೇ ಬಿಡಿಸಿ ಹೊಸ ಸ್ವಿಚ್ ಹಾಕಿ.

ಎಲ್ಲಿಗೆ ಸಾಕು ಅನ್ನಬೇಕು

ಹೊರತೊಟ್ಟಿಯೇ ಬಿರಿದಿದ್ದರೆ, ಮೋಟಾರ್ ಕೂರುವ ತಳ ತುಕ್ಕು ಹಿಡಿದು ಪುಡಿಯಾಗಿದ್ದರೆ ದುಡ್ಡು ಹಾಕಬೇಡಿ. ಅಂಟು ಮೆತ್ತಿದರೆ ಆ ವೇಗಕ್ಕೆ ನಿಲ್ಲೋದಿಲ್ಲ. ಮೋಟಾರ್ ಮಾತ್ರ ಹೋಗಿದ್ದರೆ ಖಂಡಿತ ಬದಲಿಸಿ. ತಾಮ್ರದ ವೈಂಡಿಂಗಿನದು ಅಂತ ಕೇಳಿ ತೆಗೆದುಕೊಳ್ಳಿ, ಅಲ್ಯೂಮಿನಿಯಂನದು ಅಗ್ಗಕ್ಕೆ ಸಿಗುತ್ತದೆ ಆದರೆ ಬಾಳಿಕೆ ಕಡಿಮೆ. ಬಾಡಿ ಮುಟ್ಟಿದಾಗ ಜುಂ ಅಂದರೆ ಮಷೀನು ಬಿಚ್ಚುವ ಮುಂಚೆ ಎಲೆಕ್ಟ್ರಿಷಿಯನ್ ಕರೆಸಿ ಮನೆಯ ಅರ್ಥಿಂಗ್ ನೋಡಿಸಿ.

ಎಲ್ಲ ಜೋಡಿಸಿದ ಮೇಲೆ ಮೊದಲು ಖಾಲಿ ಒಂದು ನಿಮಿಷ ಓಡಿಸಿ. ಆಮೇಲೆ ಎರಡು ಒದ್ದೆ ಟವೆಲ್ ಹಾಕಿ ಮೂರು ನಿಮಿಷ. ಮುಚ್ಚಳ ಎತ್ತಿ, ಬುಟ್ಟಿ ಎಷ್ಟು ಸೆಕೆಂಡಿಗೆ ನಿಲ್ಲುತ್ತದೆ ಅಂತ ಎಣಿಸಿ. ಡ್ರೈಯರ್ ಕಡೆಯ ಕೆಳಗೆ ಒಂದು ಹಳೇ ಪೇಪರ್ ಹಾಸಿ, ವಾರ ಪೂರ್ತಿ ಬಟ್ಟೆ ಒಗೆದಾಗಲೆಲ್ಲ ಅದನ್ನು ಎಳೆದು ನೋಡಿ. ನಮ್ಮ ಮಷೀನಿನ ಕೆಳಗಿನ ಪೇಪರ್ ಎರಡು ಮಳೆಗಾಲ ಕಳೆದರೂ ಒಣಗೇ ಇದೆ.